ಉಂಡರೂ ಮೈಗೆ ಹತ್ತದ ಮಗು: ತಾಯಿಯನ್ನು ಬೈಯುವ ಮುನ್ನ

"ಅವ್ವ ಸರಿಯಾಗಿ ಉಣಸೂದಿಲ್ಲ." "ಯಾರದೋ ಕಣ್ಣು ಬಿದ್ದೈತಿ." ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಕೂಸು ಸೊರಗಿದರೆ ಮೊದಲು ಕೇಳಿಬರುವ ಮಾತುಗಳಿವು. ಹೆಚ್ಚಿನ ಮಕ್ಕಳು ಸೊರಗುವುದು ಊಟದ ಕೊರತೆ, ಪದೇಪದೇ ಬರುವ ಭೇದಿ, ಜಂತುಹುಳುಗಳಿಂದ. ಆದರೆ ಹೊಟ್ಟೆ ತುಂಬ ಉಂಡು ಮತ್ತೆ ಬೇಡುವ ಕೂಸಿನ ತೂಕವೂ ಏರದಿದ್ದರೆ?

ಅಂಥ ಕೆಲವು ಮಕ್ಕಳಿಗೆ ಸಿಸ್ಟಿಕ್ ಫೈಬ್ರೋಸಿಸ್ ಇರಬಹುದು. ಹುಟ್ಟಿನಿಂದಲೇ ಬರುವ, ಅಪರೂಪದ ಕಾಯಿಲೆ ಇದು. ಮೈಯೊಳಗಿನ ಲೋಳೆ ಅಂಟಿನಂತೆ ಗಟ್ಟಿಯಾಗುತ್ತದೆ. ಶ್ವಾಸಕೋಶದಲ್ಲಿ ಕಟ್ಟಿಕೊಂಡು ಕೆಮ್ಮು ಬಿಡುವುದಿಲ್ಲ. ಮೇದೋಜೀರಕ ಗ್ರಂಥಿಯ ದಾರಿ ಮುಚ್ಚಿ, ಉಂಡ ಜಿಡ್ಡು ಕರಗದೆ ಹಾಗೇ ಹೊರಗೆ ಹೋಗುತ್ತದೆ. ಮಲ ಎಣ್ಣೆಯಂತೆ ಜಿಡ್ಡಾಗಿ, ವಿಪರೀತ ನಾರುತ್ತದೆ. ಮುದ್ದಿಟ್ಟರೆ ಕೂಸಿನ ಮೈ ಉಪ್ಪುಪ್ಪು. ಕೆಮ್ಮು ಮತ್ತು ಸೊರಗುವಿಕೆ ಎರಡೂ ಇರುವುದರಿಂದ ಇದನ್ನು ಟಿ.ಬಿ. ಎಂದು ತಿಳಿಯುವುದೂ ಉಂಟು.

ಈ ಕಾಯಿಲೆಯಲ್ಲಿ ತೂಕ ಎಂದರೆ ಆಯುಷ್ಯ. ಕೆನಡಾದ ಟೊರೊಂಟೊ ಮತ್ತು ಅಮೆರಿಕದ ಬಾಸ್ಟನ್ ಆಸ್ಪತ್ರೆಗಳ ರೋಗಿಗಳನ್ನು ಹೋಲಿಸಿದ ಅಧ್ಯಯನ 1988ರಲ್ಲಿ ಪ್ರಕಟವಾಯಿತು. ಬಾಸ್ಟನ್ನಿನಲ್ಲಿ ಜಿಡ್ಡು ಕಡಿಮೆ ಮಾಡಿಸುತ್ತಿದ್ದರು. ಟೊರೊಂಟೊದಲ್ಲಿ ಜಿಡ್ಡು ಧಾರಾಳವಾಗಿ ಕೊಟ್ಟು, ಅದನ್ನು ಕರಗಿಸುವ ಎನ್‌ಜೈಮ್ ಗುಳಿಗೆಯನ್ನೂ ಹೆಚ್ಚು ಕೊಡುತ್ತಿದ್ದರು. ಬಾಸ್ಟನ್ನಿನವರ ಸರಾಸರಿ ಬಾಳು ಸುಮಾರು 21 ವರ್ಷ, ಟೊರೊಂಟೊದವರದು 30.

ಹಾಗಾಗಿ "ಎಣ್ಣಿ, ಬೆಣ್ಣಿ ಬ್ಯಾಡ" ಎನ್ನುವ ಬುದ್ಧಿಮಾತು ಈ ಮಕ್ಕಳಿಗೆ ಹೊಂದುವುದಿಲ್ಲ. ರೊಟ್ಟಿಯ ಮೇಲೆ ಬೆಣ್ಣೆ, ಶೇಂಗಾ ಹಿಂಡಿಗೆ ಎಣ್ಣೆ, ಕೆನೆಮೊಸರು, ತತ್ತಿ, ಶೇಂಗಾ ಹೋಳಿಗೆ, ಅಮೀನಗಡದ ಕರದಂಟು ಎಲ್ಲವೂ ಬೇಕು. ಆದರೆ ಪ್ರತಿ ಊಟ, ತಿಂಡಿಯ ಜೊತೆ ವೈದ್ಯರು ಹೇಳಿದಷ್ಟು ಎನ್‌ಜೈಮ್ ಗುಳಿಗೆ ಇರಲೇಬೇಕು. ಎ, ಡಿ, ಇ, ಕೆ ವಿಟಮಿನ್ ಕೂಡ. ದೊಡ್ಡವರಾದ ಮೇಲೆ 160 ಸೆಂ.ಮೀ. ಎತ್ತರದ ಹೆಣ್ಣುಮಗಳಿಗೆ ಸುಮಾರು 56 ಕೆ.ಜಿ. ತೂಕವಾದರೂ ಇರಬೇಕು ಎಂಬುದು ಗುರಿ.

ನಮ್ಮ ಬಿಸಿಲನ್ನೂ ಮರೆಯಬಾರದು. 1948ರಲ್ಲಿ ನ್ಯೂಯಾರ್ಕ್‌ನ ಬಿಸಿಲಿಗೆ ಕುಸಿದು ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಈ ಕಾಯಿಲೆಯವರು ಎದ್ದು ಕಂಡರು. ಅವರ ಬೆವರಿನಲ್ಲಿ ಉಪ್ಪು ವಿಪರೀತ ಹೋಗುತ್ತದೆ ಎಂಬುದು 1953ರಲ್ಲಿ ಖಚಿತವಾಯಿತು. ಬೆವರು ಪರೀಕ್ಷೆ ಹುಟ್ಟಿದ್ದು ಅಲ್ಲಿಂದ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಈ ಮಕ್ಕಳಿಗೆ ಉಪ್ಪು, ನೀರು, ಓಆರ್‌ಎಸ್ ಹೆಚ್ಚೇ ಬೇಕು.

ತಂದೆ, ತಾಯಿ ಇಬ್ಬರಲ್ಲೂ ದೋಷವಿರುವ ಜೀನ್ ಇದ್ದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ರಕ್ತಸಂಬಂಧದ ಮದುವೆಯಲ್ಲಿ ಈ ಸಾಧ್ಯತೆ ಹೆಚ್ಚು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಕಡೆ ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಅರ್ಧ ಜೀನ್ ಅಪ್ಪನದು, ಅರ್ಧ ಅವ್ವನದು. ಬೈಗುಳ ಮಾತ್ರ ಅವ್ವನಿಗೇಕೆ?

ಸರ್ಕಾರದ ಕಾಗದದಲ್ಲಿ ಈ ಮಕ್ಕಳಿಗೆ ಜಾಗವಿದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಪಟ್ಟಿಯಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಮತ್ತು ಎನ್‌ಜೈಮ್ ಚಿಕಿತ್ಸೆ ಎರಡೂ ಇವೆ. ಗುರುತಿಸಿದ ಕೇಂದ್ರಗಳಲ್ಲಿ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ಆದರೆ ನಮ್ಮ ರಾಜ್ಯದ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಒಂದು ದಿನದ ಮಗ್ಗದ ಕೂಲಿ, ಕಬ್ಬು ಕಡಿಯುವ ಕೂಲಿ ಬಿಟ್ಟರೆ ಒಲೆ ಹೊತ್ತದ ಮನೆಯವರು ಗುಳಿಗೆಗಾಗಿ ಎಷ್ಟು ಸಲ ರಾತ್ರಿ ಬಸ್ ಹತ್ತಬೇಕು?

ಬೆಂಗಳೂರಿನಲ್ಲಿ ಕಾಯಿಲೆ ಖಚಿತವಾಗಲಿ, ಗುಳಿಗೆ ಬಾಗಲಕೋಟೆ ಜಿಲ್ಲಾಸ್ಪತ್ರೆಯಲ್ಲೇ ಪ್ರತಿ ತಿಂಗಳು ಸಿಗಲಿ. ಅಂಗನವಾಡಿಗೆ ಬರುವ ಬಾಲ ಸ್ವಾಸ್ಥ್ಯ ತಂಡ ತೂಕ ಬರೆದುಕೊಂಡು ಹೋಗುವ ಮುನ್ನ ಮೂರು ಪ್ರಶ್ನೆ ಕೇಳಲಿ: ಕೂಸು ಚೆನ್ನಾಗಿ ಉಣ್ಣುತ್ತದೆಯೇ? ಮಲ ಜಿಡ್ಡಾಗಿದೆಯೇ? ಮೈ ಉಪ್ಪಾಗಿದೆಯೇ? ಮೂರಕ್ಕೂ ಹೌದು ಎಂದರೆ ಬೆವರು ಪರೀಕ್ಷೆಗೆ ಚೀಟಿ ಬರೆಯಲಿ.

ನಿಮ್ಮ ಓಣಿಯಲ್ಲಿ ಅಂಥ ಕೂಸು ಇದ್ದರೆ ಈ ಮೂರು ಪ್ರಶ್ನೆಗಳನ್ನು ಇವತ್ತೇ ಆಶಾ ಅಕ್ಕನಿಗೆ ತೋರಿಸಿ.