ಮೊದಲು ಸೊಪ್ಪಿನ ಮಡಿ, ಆಮೇಲೆ ಹಲ್ಲಿ

ಹಲ್ಲಿಯನ್ನು ದುಡ್ಡು ಕೊಟ್ಟು ತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುತ್ತಾರೆ ಎಂದರೆ ನಮ್ಮ ಊರುಗಳ ಹಿರಿಯರು ನಂಬುವುದು ಕಷ್ಟ. ನಮಗೆ ಹಲ್ಲಿ ಎಂದರೆ ಗೋಡೆಯ ಮೇಲಿಂದ ಲೊಚಗುಟ್ಟಿ ಶಕುನ ಹೇಳುವ ಜೀವ. ಓತಿಕ್ಯಾತ ಎಂದರೆ ಬೇಲಿಯ ಮೇಲೆ ತಲೆಯಾಡಿಸುತ್ತ ಕೂತು ಹುಡುಗರ ಕಲ್ಲೇಟು ತಿನ್ನುವ ಪ್ರಾಣಿ. ಆದರೆ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಬಾಡಿಗೆ ಮನೆಗಳಲ್ಲಿ, ನಾಯಿಗೆ ಅನುಮತಿ ಇಲ್ಲ, ಬೆಕ್ಕಿನ ಕೂದಲು ಮನೆಯವರಿಗೆ ಆಗದು ಎಂಬಲ್ಲಿ, ಮಕ್ಕಳ ಹಟ ಎಷ್ಟೋ ಸಲ ಬಿಯರ್ಡೆಡ್ ಡ್ರ್ಯಾಗನ್‌ಗೆ ಬಂದು ನಿಲ್ಲುತ್ತದೆ. ಆಸ್ಟ್ರೇಲಿಯಾದ ಒಣನಾಡಿನ ಈ ಪ್ರಾಣಿ ನಮ್ಮ ಓತಿಕ್ಯಾತದ ಕುಲದ್ದೇ, ಇಬ್ಬರೂ ಅಗಮಿಡೇ ಕುಟುಂಬದವರು. ಸರಿಯಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಹಸಿರು ಇಗ್ವಾನಾ ತಂದವರ ಜವಾಬ್ದಾರಿ ಇನ್ನೂ ದೊಡ್ಡದು. ಅದು ಐದಡಿ ಉದ್ದಕ್ಕೆ ಬೆಳೆಯಬಲ್ಲದು, ಜೀವನಪೂರ್ತಿ ಸೊಪ್ಪುಸದೆಯನ್ನೇ ತಿನ್ನುತ್ತದೆ. ಇಂಥ ಪ್ರಾಣಿಯನ್ನು ತರಬೇಕೆನ್ನುವ ಮನೆ ಮೊದಲು ಅದರ ಸೊಪ್ಪನ್ನು ಬಿತ್ತಬೇಕು, ಆ ಮಡಿ ಎರಡು ತಿಂಗಳು ಹಸಿರಾಗಿ ಉಳಿದರೆ ಮಾತ್ರ ಅಂಗಡಿಯ ಕಡೆ ಹೋಗಬೇಕು ಎಂಬುದು ನನ್ನ ವಾದ.

ಇದರ ಹಿಂದೆ ಇರುವುದು ಮೂಳೆಯ ಲೆಕ್ಕ. ಸಾಕಿದ ಹಲ್ಲಿಗಳನ್ನು ಕಾಡುವ ಕಾಯಿಲೆಗಳಲ್ಲಿ ತೀರಾ ಸಾಮಾನ್ಯವಾದದ್ದು ಮೂಳೆ ಸವೆಯುವ ರೋಗ. ಆಹಾರದಲ್ಲಿ ಕ್ಯಾಲ್ಸಿಯಂ ಸಾಲದಾದಾಗ ದೇಹ ತನ್ನ ಮೂಳೆಯನ್ನೇ ಕರಗಿಸಿ ರಕ್ತಕ್ಕೆ ಒದಗಿಸುತ್ತದೆ. ದವಡೆ ಮೆತ್ತಗಾಗುತ್ತದೆ, ಕಾಲು ಬಾಗುತ್ತದೆ, ಮೈ ನಡುಗುತ್ತದೆ. ಹೊರಗಿನಿಂದ ಇದು ಕಾಣಿಸಿಕೊಳ್ಳುವ ಹೊತ್ತಿಗೆ ಒಳಗಿನ ಹಾನಿ ಬಹಳ ದೂರ ಸಾಗಿರುತ್ತದೆ. ತಿನ್ನುವ ಆಹಾರದಲ್ಲಿ ಒಂದು ಪಾಲು ರಂಜಕಕ್ಕೆ ಸುಮಾರು ಎರಡು ಪಾಲು ಕ್ಯಾಲ್ಸಿಯಂ ಇರಬೇಕೆಂದು ಪಶುವೈದ್ಯರು ಹೇಳುತ್ತಾರೆ. ಈ ಅಳತೆ ಹಿಡಿದು ಅಮೆರಿಕದ ಕೃಷಿ ಇಲಾಖೆಯ ಪೋಷಕಾಂಶ ಪಟ್ಟಿಯನ್ನು ನೋಡಿ. ನೂರು ಗ್ರಾಂ ಐಸ್‌ಬರ್ಗ್ ಲೆಟಿಸ್‌ನಲ್ಲಿ ಕ್ಯಾಲ್ಸಿಯಂ ಇರುವುದು ಸುಮಾರು 18 ಮಿಲಿಗ್ರಾಂ, ರಂಜಕ 20. ಅಷ್ಟೇ ತೂಕದ ಕೊಲಾರ್ಡ್ ಸೊಪ್ಪಿನಲ್ಲಿ ಕ್ಯಾಲ್ಸಿಯಂ 230ರ ಆಸುಪಾಸು, ರಂಜಕ 25. ಹಿತ್ತಿಲಲ್ಲಿ ಕಳೆಯೆಂದು ಕಿತ್ತೆಸೆಯುವ ಡ್ಯಾಂಡೆಲಿಯನ್ ಎಲೆಯಲ್ಲಿ ಕ್ಯಾಲ್ಸಿಯಂ 187, ರಂಜಕ 66. ಬೇ ಏರಿಯಾದ ದಕ್ಷಿಣಕ್ಕೇ ಇರುವ ಸಲೀನಸ್ ಕಣಿವೆ ಅಮೆರಿಕದ ಲೆಟಿಸ್ ಕಣಜ, ಆದ್ದರಿಂದ ಅಂಗಡಿಯಲ್ಲಿ ಕೈಗೆ ಮೊದಲು ಸಿಗುವುದು ಲೆಟಿಸ್ಸೇ. ನೋಡಲು ಗರಿಗರಿ ಹಸಿರು, ಹಲ್ಲಿಯ ಮೂಳೆಗೆ ಅದರಿಂದ ದಕ್ಕುವುದು ಬಹುತೇಕ ನೀರು.

ಕನ್ನಡದ ಮನೆಗಳಿಗೆ ಇಲ್ಲಿ ಇನ್ನೊಂದು ತೊಡಕಿದೆ. ನಾವು ಸೊಪ್ಪು ತಿನ್ನುವ ಜನ. ಫ್ರಿಜ್ಜಿನಲ್ಲಿ ಪಾಲಕ್, ಕುಂಡದಲ್ಲಿ ದಂಟು ಇದ್ದೇ ಇರುತ್ತದೆ. ನಮಗೆ ಒಳ್ಳೆಯದು ಅದಕ್ಕೂ ಒಳ್ಳೆಯದು ಎಂದುಕೊಳ್ಳುವುದು ಸಹಜ. ಆದರೆ ಪಾಲಕ್, ದಂಟು, ಹರಿವೆ, ಬೀಟ್‌ರೂಟ್ ಸೊಪ್ಪುಗಳಲ್ಲಿ ಆಕ್ಸಲೇಟ್ ಹೆಚ್ಚು. ಅದು ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕಿ ಕರುಳು ಹೀರಿಕೊಳ್ಳದಂತೆ ಮಾಡುತ್ತದೆ. ದಂಟಿನೆಲೆಯಲ್ಲಿ ನೂರು ಗ್ರಾಮಿಗೆ 215 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೆಂದು ಪಟ್ಟಿ ಹೇಳಿದರೂ ಹಲ್ಲಿಯ ಪಾಲಿಗೆ ಅದರಲ್ಲಿ ಬಹುಭಾಗ ಬೀಗ ಹಾಕಿದ ಪೆಟ್ಟಿಗೆಯೊಳಗಿನ ದುಡ್ಡು. ಜನವರಿಯಿಂದ ಮಾರ್ಚಿವರೆಗೆ ಬೇ ಏರಿಯಾದ ಗುಡ್ಡ, ಪಾರ್ಕು, ಹಿತ್ತಿಲುಗಳನ್ನೆಲ್ಲ ಹಳದಿ ಹೂವಿನಿಂದ ತುಂಬುವ ಹುಳಿಸೊಪ್ಪೊಂದಿದೆ. ನಮ್ಮ ಪುಲ್ಲಂಪುರಚಿಯ ಬಳಗದ್ದು, ಆಫ್ರಿಕಾದ ದಕ್ಷಿಣ ತುದಿಯಿಂದ ಬಂದದ್ದು. ಪುಕ್ಕಟೆ ಸಿಗುತ್ತದೆಂದು ಅದನ್ನು ಕಿತ್ತು ಹಲ್ಲಿಗೆ ಹಾಕುವುದು ತಪ್ಪು, ಏಕೆಂದರೆ ಆ ಹುಳಿಯೇ ಆಕ್ಸಲೇಟು. ಸೊಪ್ಪನ್ನು ತಾವೇ ಬಿತ್ತಿ ಬೆಳೆಸುವವರಿಗೆ ಯಾವ ಎಲೆ ಯಾವುದೆಂಬ ಗುರುತು ತಾನಾಗಿ ಹತ್ತುತ್ತದೆ. ಅಂಗಡಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಏಳೆಂಟು ಎಳೆ ಎಲೆಗಳು ಕಲೆತು ಬರುವಾಗ ಆ ಗುರುತು ಹತ್ತುವುದು ಹೇಗೆ?

ಬೆಳೆಯುವುದಕ್ಕೆ ಇದಕ್ಕಿಂತ ಅನುಕೂಲದ ಊರು ಅಮೆರಿಕದಲ್ಲಿ ಹೆಚ್ಚಿಲ್ಲ. ಹಿಮ ಬೀಳುವುದು ಅಪರೂಪ, ಮಳೆ ಬರುವುದು ಚಳಿಗಾಲದಲ್ಲಿ, ಎಲೆಸೊಪ್ಪಿಗೆ ಬೇಕಾದದ್ದೂ ತಂಪು ಹವೆಯೇ. ಸ್ಯಾನ್ ಹೋಸೆಯ ಬೇಸಿಗೆಗೆ ಸಾಸಿವೆ ಸೊಪ್ಪು ಬೇಗ ಹೂದಂಟು ಎತ್ತಿಬಿಡುತ್ತದೆ, ಆದರೆ ಸ್ಯಾನ್ ಫ್ರಾನ್ಸಿಸ್ಕೊದ ಮಂಜು ಮುಸುಕಿದ ಪಡುವಣ ಬಡಾವಣೆಗಳಲ್ಲಿ ಜುಲೈನಲ್ಲೂ ಎಲೆ ಕೊಯ್ಯಬಹುದು. ಎಲ್ಲಕ್ಕಿಂತ ಮಿಗಿಲಾಗಿ ಈಸ್ಟ್ ಬೇ ತೋಟಗಾರರು ಕೈಯಿಂದ ಕೈಗೆ ಕಡ್ಡಿ ದಾಟಿಸುತ್ತ ಉಳಿಸಿಕೊಂಡು ಬಂದಿರುವ ಟ್ರೀ ಕೊಲಾರ್ಡ್ ಇದೆ. ಬೀಜ ಬೇಡ, ನುಗ್ಗೆಯ ಹಾಗೆ ಕಡ್ಡಿ ಊರಿದರೆ ಚಿಗುರುತ್ತದೆ, ಆಳೆತ್ತರ ಬೆಳೆದು ವರ್ಷಗಟ್ಟಲೆ ಎಲೆ ಕೊಡುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ರಿಚ್‌ಮಂಡ್‌ನ ಹಡಗುಕಟ್ಟೆಗಳಿಗೆ ದುಡಿಯಲು ಅಮೆರಿಕದ ದಕ್ಷಿಣದಿಂದ ಬಂದ ಕಪ್ಪು ಜನರ ಅಡುಗೆಯಲ್ಲಿ ಕೊಲಾರ್ಡ್, ಸಾಸಿವೆ, ಟರ್ನಿಪ್ ಸೊಪ್ಪುಗಳಿಗೆ ದೊಡ್ಡ ಜಾಗವಿತ್ತು. ವಲಸೆ ಬಂದವರು ತಮ್ಮ ಸೊಪ್ಪನ್ನು ಜೊತೆಗೇ ಇಟ್ಟುಕೊಳ್ಳುತ್ತಾರೆ ಎಂಬುದು ಕುಂಡದಲ್ಲಿ ಮೆಂತ್ಯ ಬಿತ್ತುವ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ಅದೇ ರಿಚ್‌ಮಂಡ್‌ನ ಸಾರ್ವಜನಿಕ ಗ್ರಂಥಾಲಯದಲ್ಲಿ 2010ರಿಂದ ಬೀಜದ ಗ್ರಂಥಾಲಯವೂ ನಡೆಯುತ್ತಿದೆ. ಪುಸ್ತಕದ ಹಾಗೆ ಬೀಜ ಒಯ್ದು, ಬೆಳೆದು, ಸಾಧ್ಯವಾದರೆ ಮರಳಿ ಕೊಡಬಹುದು.

ಸೊಪ್ಪಿಗೇಕೆ ಇಷ್ಟು ಪಾಡು, ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಪುಡಿ ಬೇಕು, ಅದನ್ನು ಅಲ್ಲಗಳೆಯುವುದಿಲ್ಲ. ಮರಿಗಳು ಹೆಚ್ಚಾಗಿ ತಿನ್ನುವ ಮಿಡತೆ, ಹುಳುಗಳಲ್ಲಿ ರಂಜಕವೇ ಹೆಚ್ಚಿರುವುದರಿಂದ ಅಲ್ಲಂತೂ ಬೇಕೇ ಬೇಕು. ಅಲ್ಟ್ರಾವೈಲೆಟ್ ದೀಪವೂ ಬೇಕು. ಕಿಟಕಿಯ ಗಾಜು ಬಿಸಿಲಿನ ಆ ಕಿರಣಗಳನ್ನು ತಡೆದುಬಿಡುತ್ತದೆ, ಅವಿಲ್ಲದೆ ಹಲ್ಲಿಯ ಮೈ ಡಿ3 ಜೀವಸತ್ವ ತಯಾರಿಸಿಕೊಳ್ಳಲಾರದು, ಡಿ3 ಇಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತದು. ಆದರೆ ಪುಡಿ ಊಟವಲ್ಲ. ಬೆಳೆದ ಬಿಯರ್ಡೆಡ್ ಡ್ರ್ಯಾಗನ್ನಿನ ತಟ್ಟೆಯ ಬಹುಪಾಲು ಎಲೆಯೇ ಆಗಬೇಕಿರುವಾಗ, ಲೆಟಿಸ್‌ನ ಮೇಲೆ ಪುಡಿ ಉದುರಿಸುವುದು ತಿಳಿಗಂಜಿಗೆ ಮಾತ್ರೆ ಕರಗಿಸಿ ಮಗುವಿಗೆ ಕುಡಿಸಿದ ಹಾಗೆ. ಕೊಲಾರ್ಡನ್ನೇ ಅಂಗಡಿಯಿಂದ ತಂದರಾಗದೇ ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ತರಬಹುದು. ಆದರೆ ಕೋಸಿನ ಕುಲದ ಎಲೆಯನ್ನೊಂದೇ ಸದಾ ತಿನ್ನಿಸಿದರೆ ಥೈರಾಯ್ಡ್‌ಗೆ ತೊಂದರೆಯಾದೀತೆಂಬ ಎಚ್ಚರಿಕೆ ಇದೆ, ಅದಕ್ಕೇ ಡ್ಯಾಂಡೆಲಿಯನ್, ದಾಸವಾಳದ ಎಲೆ, ಹೂವು ಎಂದು ಬದಲಿಸುತ್ತಿರಬೇಕು. ದಿನಕ್ಕೆ ಒಂದು ಹಿಡಿ ಸಾಕಾಗುವ ಪ್ರಾಣಿಗಾಗಿ ನಾಲ್ಕು ಬಗೆಯ ಕಟ್ಟು ಕೊಂಡರೆ ಮುಕ್ಕಾಲು ಪಾಲು ಫ್ರಿಜ್ಜಿನಲ್ಲೇ ಕೊಳೆಯುತ್ತದೆ. ಗಿಡದಲ್ಲಿದ್ದರೆ ಬೇಕಾದಷ್ಟೇ ಚಿವುಟಿಕೊಳ್ಳಬಹುದು.

ನೀರಿನ ಮಾತು ಹಗುರವಾದದ್ದಲ್ಲ. 2012ರಿಂದ 2016ರವರೆಗೆ, ಮತ್ತೆ 2020ರಿಂದ 2022ರವರೆಗೆ ಕ್ಯಾಲಿಫೋರ್ನಿಯಾ ಕಂಡ ಬರಗಾಲವನ್ನು ಅಲ್ಲಿರುವವರು ಮರೆತಿಲ್ಲ. ಆದರೆ ನಾಲ್ಕಾರು ಕುಂಡಗಳಿಗೆ ಬೇಕಾದ್ದು ತರಕಾರಿ ತೊಳೆದ ನೀರಿನಷ್ಟು. ನೀರು ಉಳಿಸಬೇಕಾದ ಜಾಗ ಮನೆ ಮುಂದಿನ ಹುಲ್ಲುಹಾಸು. ಮಣ್ಣಿನ ವಿಷಯದಲ್ಲಿ ಮಾತ್ರ ನಿಜವಾದ ಎಚ್ಚರ ಬೇಕು. ಅಮೆರಿಕದಲ್ಲಿ ಮನೆಬಳಕೆಯ ಸೀಸದ ಬಣ್ಣ ನಿಷೇಧವಾದದ್ದು 1978ರಲ್ಲಿ. ಓಕ್ಲಂಡ್, ಸ್ಯಾನ್ ಫ್ರಾನ್ಸಿಸ್ಕೊಗಳ ಹಳೆಯ ಮನೆಗಳ ಗೋಡೆಯಂಚಿನ ಮಣ್ಣಿನಲ್ಲಿ ಆ ಸೀಸ ಉಳಿದಿರಬಹುದು. ಅಲ್ಲಿ ಕುಂಡವೋ ಏರುಮಡಿಯೋ ಲೇಸು. ನರ್ಸರಿಯಿಂದ ತಂದ ಅಲಂಕಾರದ ಗಿಡಕ್ಕೆ ಕೀಟನಾಶಕ ಉಣಿಸಿರುವ ಸಾಧ್ಯತೆ ಇರುವುದರಿಂದ ಅದರ ಎಲೆಯನ್ನು ಕಿತ್ತು ಹಲ್ಲಿಗೆ ಕೊಡಬಾರದು. ಹಲ್ಲಿಯ ಹಿಕ್ಕೆಯನ್ನು ಮನೆಯವರು ತಿನ್ನುವ ಸೊಪ್ಪಿಗೆ ಗೊಬ್ಬರವಾಗಿ ಹಾಕಲೇಕೂಡದು. ಈ ಪ್ರಾಣಿಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಇರುವುದು ಮಾಮೂಲು. 2014ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಹರಡಿದ ಸೋಂಕಿನ ಮೂಲ ಬಿಯರ್ಡೆಡ್ ಡ್ರ್ಯಾಗನ್ ಎಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರವೇ ಗುರುತಿಸಿತ್ತು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಇದು ತಕ್ಕ ಪ್ರಾಣಿಯಲ್ಲ.

ಇಷ್ಟೆಲ್ಲ ಏಕೆ, ಸಾಕುವುದನ್ನೇ ಬಿಟ್ಟರಾಗದೇ ಎಂಬ ಆಕ್ಷೇಪಕ್ಕೆ ನನ್ನ ಅರ್ಧ ಒಪ್ಪಿಗೆ ಇದೆ. ಬಿಸಿಲು ಕಾಯಿಸಿಕೊಳ್ಳುತ್ತ ಬಯಲಲ್ಲಿ ಓಡಾಡಬೇಕಾದ ಜೀವವನ್ನು ಗಾಜಿನೊಳಗಿಡುವುದು ಸಣ್ಣ ಸಂಗತಿಯಲ್ಲ. ಆದರೆ ಅಮೆರಿಕದ ಪೆಟ್ಟಿಗೆಗಳಲ್ಲಿರುವ ಬಿಯರ್ಡೆಡ್ ಡ್ರ್ಯಾಗನ್‌ಗಳು ಅಲ್ಲೇ ಮರಿಯಾಗಿ ಹುಟ್ಟಿದವು, ಅವನ್ನು ಹೊರಗೆ ಬಿಡುವಂತಿಲ್ಲ. ಬಿಟ್ಟ ಇಗ್ವಾನಾಗಳು ಫ್ಲಾರಿಡಾದಲ್ಲಿ ಹಾವಳಿ ಎಬ್ಬಿಸಿರುವುದು ಕಣ್ಣೆದುರಿಗಿದೆ. ಹುಟ್ಟಿ ಮನೆ ಸೇರಿದ್ದನ್ನು ಚೆನ್ನಾಗಿ ನೋಡಿಕೊಳ್ಳುವುದೊಂದೇ ಉಳಿದ ದಾರಿ. ಬೆಂಗಳೂರಿನಲ್ಲಿ ಇಗ್ವಾನಾ ಇಟ್ಟುಕೊಂಡವರಿಗೂ ಇದೇ ಮಾತು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿಯ ನಂತರ ಅಂಥ ವಿದೇಶಿ ಪ್ರಾಣಿಯನ್ನು ನೋಂದಾಯಿಸುವುದು ಕಡ್ಡಾಯ, ನಮ್ಮ ಉಡವನ್ನಂತೂ ಹಿಡಿದು ಸಾಕುವುದೇ ಅಪರಾಧ.

ಬೇ ಏರಿಯಾದಲ್ಲಿ ಮಕ್ಕಳು ಇಂಥ ಪ್ರಾಣಿಯನ್ನು ಕ್ರಿಸ್‌ಮಸ್ ಉಡುಗೊರೆಯಾಗಿ ಕೇಳುವುದುಂಟು. ಅಕ್ಟೋಬರಿನಲ್ಲಿ ಮೊದಲ ಮಳೆ ಬೀಳುವ ಹೊತ್ತಿಗೆ ಕೇಳಿದ ಮಗುವಿನ ಕೈಗೇ ಬೀಜ ಕೊಡಿ. ಸಾಸಿವೆ ನಾಲ್ಕಾರು ವಾರದಲ್ಲಿ ಕೊಯ್ಲಿಗೆ ಬರುತ್ತದೆ, ಕೊಲಾರ್ಡ್‌ಗೆ ಎರಡು ತಿಂಗಳ ಮೇಲೆ ಬೇಕು. ಬಸವನಹುಳುಗಳನ್ನು ಸಂಜೆ ಹೊತ್ತು ಬ್ಯಾಟರಿ ಹಿಡಿದು ಹೆಕ್ಕಬೇಕಾಗುತ್ತದೆ, ಮಳೆ ಕೈಕೊಟ್ಟ ವಾರ ನೀರು ಹನಿಸಬೇಕಾಗುತ್ತದೆ. ಡಿಸೆಂಬರ್ ಕೊನೆಗೆ ಮಡಿಯಲ್ಲಿ ಎಲೆ ನಿಂತಿದ್ದರೆ ಹಲ್ಲಿ ಬರಲಿ. ಮಡಿ ಒಣಗಿದ್ದರೆ ಆ ವರ್ಷ ಪುಸ್ತಕವೋ ಸೈಕಲ್ಲೋ ಸಾಕು.