ಇಳಿಜಾರಿನಲ್ಲಿ ಹೆಂಗಸಿಗೆ ಹಾಕಿದ ಬೇಲಿ

2026ರ ಫೆಬ್ರವರಿ ಎರಡನೇ ವಾರ. ಸೀತೂರಿನ ನಮ್ಮ ಮನೆಯಂಗಳದಲ್ಲಿ ಕೊನೇ ಕೊಯ್ಲಿನ ಅಡಿಕೆ ಸುಲಿತ ನಡೆದಿತ್ತು. ಮೆಟ್ಟುಗತ್ತಿ ಮೆಟ್ಟಿಕೊಂಡು ಕೂತ ಏಳು ಜನ ಹೆಂಗಸರಲ್ಲಿ ಒಬ್ಬಳ ಮೊಬೈಲಿಗೆ ಒಂದು ವಿಡಿಯೊ ಬಂತು. ಇಟಲಿಯ ಕೊರ್ಟಿನಾದಲ್ಲಿ 8ನೇ ತಾರೀಕು ಭಾನುವಾರ ನಡೆದ ಚಳಿಗಾಲದ ಒಲಿಂಪಿಕ್ಸ್‌ನ ಮಹಿಳೆಯರ ಡೌನ್‌ಹಿಲ್ ಸ್ಕೀ ಓಟ ಅದು. ಅಮೆರಿಕದ ಲಿಂಡ್ಸೆ ವಾನ್ ಬೆಟ್ಟದ ತುದಿಯಿಂದ ಹೊರಟು ಇನ್ನೂ ಕಾಲು ನಿಮಿಷ ಆಗಿರಲಿಲ್ಲ. ದಾರಿ ಗುರುತಿಗೆ ನೆಟ್ಟ ಕಂಬಕ್ಕೆ ಬಲಗೈ ಸಿಕ್ಕಿತು. ಗಾಳಿಯಲ್ಲೇ ತಿರುಚಿಕೊಂಡು ಬಂದು ಹಿಮದ ಮೇಲೆ ಬಿದ್ದರು. ನೋವಿನ ಕೂಗು ಮೊಬೈಲಿನಲ್ಲೂ ಕೇಳುತ್ತಿತ್ತು. ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಯಿತು. ಎಡಗಾಲಿನ ಮೂಳೆ ಮುರಿದಿತ್ತು.

"ನಲವತ್ತೊಂದು ವರ್ಷಕ್ಕೆ ಎಂತಕ್ಕೆ ಬೇಕಿತ್ತು ಮಾರಾಯ್ತಿ ಅವಳಿಗೆ ಇದೆಲ್ಲ? ಸುಮ್ಮನೆ ಮನೇಲಿ ಇರಬಾರದಾ?"

ಹಾಗೆ ಕೇಳಿದವಳ ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಎರಡು ದಿನದ ಹಿಂದೆ ಮೆಟ್ಟುಗತ್ತಿ ತಾಗಿ ಆಳಕ್ಕೆ ಸೀಳಿತ್ತು. ಅರಿಶಿನ ಒತ್ತಿ, ಹಳೇ ಪಂಚೆಯ ಚೂರು ಹರಿದು ಕಟ್ಟಿ, ಮಾರನೇ ದಿನವೇ ಬಂದು ಕೂತಿದ್ದಳು. ನೀನು ಸುಮ್ಮನೆ ಮನೇಲಿರು ಎಂದು ಅವಳಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬಾರದ್ದಕ್ಕೆ ವಾನ್ ಅವರ ಕಾಲಿಗಿಂತ ಹೆಚ್ಚು ಈ ಹೆಬ್ಬೆರಳೇ ಕಾರಣ.

ಅವಳ ಪ್ರಶ್ನೆಯನ್ನೇ ಇನ್ನಷ್ಟು ಗಡಸಾಗಿ ಲೋಕವೆಲ್ಲ ಕೇಳಿತು. ಆ ಓಟಕ್ಕೆ ಒಂಬತ್ತು ದಿನ ಮೊದಲು, ಜನವರಿ 30ರಂದು, ಸ್ವಿಟ್ಜರ್ಲೆಂಡಿನ ಕ್ರಾನ್ಸ್-ಮೊಂಟಾನಾದಲ್ಲಿ ಬಿದ್ದು ವಾನ್ ಅವರ ಎಡಮೊಣಕಾಲಿನ ಎಸಿಎಲ್ ಎಂಬ ಅಸ್ಥಿಬಂಧ ಹರಿದಿತ್ತು. ಬಲಮೊಣಕಾಲಿಗೆ ಎರಡು ವರ್ಷದ ಹಿಂದೆಯೇ ಕೃತಕ ಭಾಗ ಕೂರಿಸಿದ್ದರು. ಅಂಥ ಕಾಲಿಟ್ಟುಕೊಂಡು ಗಂಟೆಗೆ ನೂರಿಪ್ಪತ್ತು ಕಿಲೋಮೀಟರ್ ವೇಗದ ಓಟಕ್ಕೆ ಇಳಿಯಲು ಬಿಟ್ಟದ್ದು ತಪ್ಪು, ವೈದ್ಯರು ತಡೆಯಬೇಕಿತ್ತು, ಸಂಸ್ಥೆ ತಡೆಯಬೇಕಿತ್ತು, ಎಳೆಯ ಹುಡುಗಿಯೊಬ್ಬಳ ಜಾಗ ಕಿತ್ತುಕೊಂಡಳು, ಇದು ಹಟ, ಇದು ಪ್ರಚಾರದ ಹುಚ್ಚು ಎಂದೆಲ್ಲ ಆಡಿದರು.

ಜಾಗ ಕಿತ್ತುಕೊಂಡರು ಎಂಬುದು ಸುಳ್ಳು. 2019ರಲ್ಲಿ ನಿವೃತ್ತರಾದ ವಾನ್ ಐದು ವರ್ಷದ ಮೇಲೆ ಮರಳಿ ಬಂದು, 2025ರ ಡಿಸೆಂಬರಿನಲ್ಲಿ ಸೇಂಟ್ ಮೊರಿಟ್ಜ್‌ನಲ್ಲಿ ವಿಶ್ವಕಪ್ ಡೌನ್‌ಹಿಲ್ ಗೆದ್ದರು. ಆ ಋತುವಿನ ಡೌನ್‌ಹಿಲ್ ಅಂಕಪಟ್ಟಿಯಲ್ಲಿ ಒಲಿಂಪಿಕ್ಸ್ ಹೊತ್ತಿಗೆ ಮೊದಲ ಹೆಸರು ಅವರದೇ. ಡೌನ್‌ಹಿಲ್‌ನಲ್ಲಿ ತರಬೇತಿ ಓಟ ಓಡದವರನ್ನು ಸ್ಪರ್ಧೆಗೆ ಬಿಡುವುದೇ ಇಲ್ಲ. ಅದನ್ನೂ ಅವರು ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಮುಗಿಸಿದ್ದರು. ಬಿದ್ದದ್ದು ಮೊಣಕಾಲಿನಿಂದಲ್ಲ, ತಿರುವಿನಲ್ಲಿ ಕಂಬಕ್ಕೆ ತೀರಾ ಹತ್ತಿರ ಹೋದದ್ದರಿಂದ ಎಂದು ಆಮೇಲೆ ಅವರೇ ಹೇಳಿದರು. ಬೇಕಾದರೆ ಆ ಮಾತನ್ನು ಬಿಡಿ, ಹರಿದ ಮೊಣಕಾಲೂ ಕಾರಣವಾಗಿತ್ತು ಎಂದೇ ಇಟ್ಟುಕೊಳ್ಳಿ. ಆಗಲೂ ನನ್ನ ವಾದ ಬದಲಾಗುವುದಿಲ್ಲ. ಇಳಿಯಬೇಕೋ ಬೇಡವೋ ಎಂದು ತೀರ್ಮಾನ ಮಾಡಬೇಕಾದವರು ಅವರೇ.

2002ರ ಮೇ ತಿಂಗಳನ್ನು ನೆನಪು ಮಾಡಿಕೊಳ್ಳಿ. ಆಂಟಿಗಾ ಟೆಸ್ಟ್‌ನಲ್ಲಿ ಮರ್ವಿನ್ ಡಿಲ್ಲನ್ ಎಸೆದ ಚೆಂಡು ತಾಗಿ ನಮ್ಮ ಅನಿಲ್ ಕುಂಬ್ಳೆಯವರ ದವಡೆ ಮುರಿಯಿತು. ತಲೆಯಿಂದ ಗಲ್ಲದವರೆಗೆ ಬಿಳಿ ಪಟ್ಟಿ ಸುತ್ತಿಕೊಂಡು ಮೈದಾನಕ್ಕೆ ಬಂದರು, ಒಂದೇ ಸಮನೆ 14 ಓವರ್ ಎಸೆದರು, ಬ್ರಯಾನ್ ಲಾರಾ ಅವರ ವಿಕೆಟ್ ಕಿತ್ತರು. ಆಮೇಲೆ ಬೆಂಗಳೂರಿಗೆ ಬಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅವತ್ತು ನಮ್ಮ ಜಗಲಿಯಲ್ಲಿ ಕೂತು ಟಿವಿ ನೋಡುತ್ತಿದ್ದವರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು. ಎಂತಕ್ಕೆ ಬೇಕಿತ್ತು ಅವನಿಗೆ ಎಂದು ಯಾರಾದರೂ ಕೇಳಿದರೇ? ಇವತ್ತಿಗೂ ಆ ಪಟ್ಟಿ ಕಟ್ಟಿದ ಮುಖವನ್ನು ತೋರಿಸಿ ಮಕ್ಕಳಿಗೆ ಛಲ ಎಂದರೇನೆಂದು ಹೇಳಿಕೊಡುತ್ತೇವೆ. ಹೇಳಿಕೊಡಬೇಕಾದ್ದೇ.

ಲೆಗ್‌ಸ್ಪಿನ್ ಎಸೆಯುವುದಕ್ಕೂ ಹಿಮದ ಬೆಟ್ಟದಿಂದ ಧುಮುಕುವುದಕ್ಕೂ ಎಲ್ಲಿಂದೆಲ್ಲಿಯ ಹೋಲಿಕೆ ಎನ್ನುವವರಿಗೆ ಅದೇ ಆಟದ ಉದಾಹರಣೆ ಕೊಡುತ್ತೇನೆ. 1998ರಲ್ಲಿ ಜಪಾನಿನ ನಾಗಾನೊ ಒಲಿಂಪಿಕ್ಸ್‌ನ ಡೌನ್‌ಹಿಲ್‌ನಲ್ಲಿ ಆಸ್ಟ್ರಿಯಾದ ಹರ್ಮನ್ ಮಾಯರ್ ಹಾರಿ ತಲೆಕೆಳಗಾಗಿ ಬಿದ್ದು, ಬೇಲಿಗಳನ್ನು ಸೀಳಿಕೊಂಡು ಹೊರಗೆ ಹೋದರು. ಕೆಲವೇ ದಿನಗಳಲ್ಲಿ ನೋವಿನ ಮೈಯಲ್ಲೇ ಮತ್ತೆ ಬೆಟ್ಟ ಹತ್ತಿ ಎರಡು ಚಿನ್ನ ಗೆದ್ದರು. ಸ್ಕೀ ಲೋಕ ಆ ಪತನದ ಚಿತ್ರವನ್ನು ಇವತ್ತಿಗೂ ಆರಾಧನೆಯ ಹಾಗೆ ಇಟ್ಟುಕೊಂಡಿದೆ. ಬಿದ್ದ ಮೈಯಲ್ಲಿ ಮತ್ತೆ ಇಳಿದ ಗಂಡಸು ವೀರನಾದ, ಹೆಂಗಸು ಬುದ್ಧಿಗೇಡಿಯಾದಳು. ಮಾಯರ್ ಗೆದ್ದರು, ವಾನ್ ಸೋತರು, ಅಷ್ಟೇ ವ್ಯತ್ಯಾಸ ಎನ್ನಬಹುದು. ಆದರೆ ವಾನ್ ಅವರನ್ನು ಜರೆಯಲು ಶುರು ಮಾಡಿದ್ದು ಅವರು ಬಿದ್ದ ಮೇಲಲ್ಲ, ಇಳಿಯುತ್ತೇನೆ ಎಂದು ಹೇಳಿದ ದಿನವೇ.

ಹೆಂಗಸಿಗೆ ಹಾಕುವ ಈ ಬೇಲಿ ಹೊಸದಲ್ಲ. ನನಗೆ ಆಶ್ಚರ್ಯ ತಂದದ್ದು ಬೇರೆ: ಡೌನ್‌ಹಿಲ್‌ನ ಆರಂಭದಲ್ಲಿ ಅದು ಇರಲೇ ಇಲ್ಲ. 1931ರಲ್ಲಿ ಸ್ವಿಟ್ಜರ್ಲೆಂಡಿನ ಮ್ಯೂರೆನ್‌ನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್‌ನಲ್ಲೇ ಹೆಂಗಸರು ಓಡಿದರು. ಬ್ರಿಟನ್ನಿನ ಎಸ್ಮೆ ಮೆಕಿನನ್ ಎಂಬ ಹದಿಹರೆಯದ ಹುಡುಗಿ ಡೌನ್‌ಹಿಲ್, ಸ್ಲಾಲಮ್ ಎರಡನ್ನೂ ಗೆದ್ದಳು. ಒಲಿಂಪಿಕ್ಸ್‌ಗೆ ಡೌನ್‌ಹಿಲ್ ಪ್ರತ್ಯೇಕ ಸ್ಪರ್ಧೆಯಾಗಿ ಬಂದದ್ದು 1948ರಲ್ಲಿ, ಗಂಡಸರಿಗೂ ಹೆಂಗಸರಿಗೂ ಒಟ್ಟಿಗೇ. ಹಾಗೆ ಒಟ್ಟಿಗೇ ಹೊರಟ ಆಟದ ಇವತ್ತಿನ ನಿಯಮ ನೋಡಿ. ದೊಡ್ಡ ಕೂಟಗಳಲ್ಲಿ ಗಂಡಸರ ಡೌನ್‌ಹಿಲ್ ದಾರಿ ಮೇಲಿನಿಂದ ಕೆಳಕ್ಕೆ 800ರಿಂದ 1,100 ಮೀಟರ್ ಇಳಿಯಬೇಕು. ಹೆಂಗಸರದು 800 ಮೀಟರ್ ದಾಟುವ ಹಾಗಿಲ್ಲ. ಅವರ ಕನಿಷ್ಠ ಎಲ್ಲಿಂದ ಶುರುವಾಗುತ್ತದೋ ಇವರ ಗರಿಷ್ಠ ಅಲ್ಲಿಗೆ ಮುಗಿಯಿತು. 2012ರಲ್ಲಿ ಇದೇ ವಾನ್, ಕೆನಡಾದ ಲೇಕ್ ಲೂಯಿಸ್‌ನಲ್ಲಿ ಗಂಡಸರ ಜೊತೆ ಒಂದು ಓಟ ಓಡುತ್ತೇನೆ, ಬಿಡಿ ಎಂದು ಕೇಳಿದರು. ಅಂತರರಾಷ್ಟ್ರೀಯ ಸ್ಕೀ ಫೆಡರೇಷನ್ ಬಿಡಲಿಲ್ಲ. ಸೋತರೆ ಸೋಲುವವರು ಅವರೇ ಆಗಿದ್ದರು.

ಸ್ಕೀ ಜಂಪಿಂಗ್ ಕಥೆ ಇನ್ನೂ ಕಹಿ. ಗಂಡಸರು 1924ರ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಲ್ಲೇ ಹಾರಿದರು. ಹೆಂಗಸರಿಗೆ ಆ ಭಾಗ್ಯ ಬಂದದ್ದು 2014ರಲ್ಲಿ, ತೊಂಬತ್ತು ವರ್ಷ ಕಾದ ಮೇಲೆ. ಹೆಣ್ಣಿನ ದೇಹಕ್ಕೆ ಇದು ವೈದ್ಯಕೀಯವಾಗಿ ತಕ್ಕುದಲ್ಲ ಎಂಬ ಅರ್ಥದ ಮಾತನ್ನು 2005ರಲ್ಲಿ ಹೇಳಿದವರು ಆಗ ಫೆಡರೇಷನ್ನಿನ ಅಧ್ಯಕ್ಷರಾಗಿದ್ದ ಜಿಯಾನ್ ಫ್ರಾಂಕೊ ಕಾಸ್ಪರ್. ಆಟಗಾರ್ತಿಯರು ಕೆನಡಾದ ಕೋರ್ಟಿಗೆ ಹೋದರು. ಇದು ತಾರತಮ್ಯವೇ, ಆದರೆ ಒಲಿಂಪಿಕ್ ಸಮಿತಿಯನ್ನು ಕಟ್ಟಿಹಾಕುವ ಅಧಿಕಾರ ನಮಗಿಲ್ಲ ಎಂದು 2009ರಲ್ಲಿ ಕೋರ್ಟು ಕೈಚೆಲ್ಲಿತು. ಹಾರಲು ಬಿಟ್ಟ ಮೇಲಾದರೂ ಸಮಾನ ಮರ್ಯಾದೆ ಸಿಕ್ಕಿತೇ? 2024ರ ಡಿಸೆಂಬರಿನಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ಅರ್ಹತಾ ಸುತ್ತು ಗೆದ್ದ ಸೆಲೀನಾ ಫ್ರೈಟಾಗ್ ಅವರಿಗೆ ಬಹುಮಾನವಾಗಿ ಸಿಕ್ಕಿದ್ದು ಶಾಂಪೂ, ಟವೆಲ್. ಗಂಡಸರ ಅರ್ಹತಾ ಸುತ್ತು ಗೆದ್ದವರಿಗೆ ಮೂರು ಸಾವಿರ ಸ್ವಿಸ್ ಫ್ರಾಂಕ್. ನಾರ್ಡಿಕ್ ಕಂಬೈನ್ಡ್ ಎಂಬ ಸ್ಪರ್ಧೆಗಂತೂ 2026ರ ಒಲಿಂಪಿಕ್ಸ್‌ನಲ್ಲೂ ಹೆಂಗಸರಿಗೆ ಪ್ರವೇಶ ಇರಲಿಲ್ಲ.

ಅಪಾಯ ಇಲ್ಲವೆಂದು ನಾನು ಹೇಳುತ್ತಿಲ್ಲ. 1994ರ ಜನವರಿಯಲ್ಲಿ ಅದೇ ಗಾರ್ಮಿಷ್‌ನ ಡೌನ್‌ಹಿಲ್‌ನಲ್ಲಿ ಆಸ್ಟ್ರಿಯಾದ ಉಲ್ರಿಕೆ ಮಾಯರ್ ಬಿದ್ದು ತೀರಿಕೊಂಡರು. ಪುಟ್ಟ ಮಗಳಿದ್ದ ತಾಯಿ. ಅದಕ್ಕೆ ಮೂರು ವರ್ಷ ಮೊದಲು ವೆಂಗೆನ್‌ನಲ್ಲಿ ಗೆರ್ನಾಟ್ ರೈನ್‌ಸ್ಟಾಡ್ಲರ್ ಎಂಬ ಹುಡುಗ ಸತ್ತಿದ್ದ. ಅವನು ಸತ್ತಾಗ ಗಂಡಸರ ಮೈಗೆ ಈ ಆಟ ಒಗ್ಗುವುದಿಲ್ಲ ಎಂದು ಯಾರಾದರೂ ಹೇಳಿದರೇ? ಬಲೆಗಳನ್ನು ಇನ್ನೂ ಭದ್ರ ಮಾಡಿದರು. ಸರಿಯಾದ ದಾರಿ ಅದು. 2024-25ರ ಋತುವಿನಿಂದ ಡೌನ್‌ಹಿಲ್ ಓಡುವವರು ಬಟ್ಟೆಯೊಳಗೆ ಏರ್‌ಬ್ಯಾಗ್ ತೊಡಬೇಕೆಂಬ ನಿಯಮ ಬಂದಿದೆ. ಅನೇಕ ಆಟಗಳಲ್ಲಿ ಎಸಿಎಲ್ ಹರಿಯುವುದು ಹೆಂಗಸರಲ್ಲಿ ಹೆಚ್ಚು ಎಂಬುದೂ ನಿಜ. ಹಾಗಿದ್ದರೆ ಆ ಮೊಣಕಾಲಿಗೆ ಹೊಂದುವ ಬೂಟು, ಕಟ್ಟು, ತರಬೇತಿಗೆ ಹಣ ಹಾಕಿ. ಅವಳನ್ನೇ ಮನೆಗೆ ಕಳಿಸುವುದು ಯಾವ ಸೀಮೆಯ ಪರಿಹಾರ?

ನನಗೆ ಹಿಮ ಗೊತ್ತಿಲ್ಲ. ಇಳಿಜಾರು ಗೊತ್ತು. ಬೇಸಿಗೆಯಲ್ಲಿ ಬ್ಯಾಣದ ಕರಡ ಒಣಗಿ ಹೊನ್ನಿನ ಬಣ್ಣಕ್ಕೆ ತಿರುಗಿದಾಗ ನಾವು ಮಕ್ಕಳೆಲ್ಲ ತೋಟದಿಂದ ಒಳ್ಳೇ ಅಗಲದ ಅಡಿಕೆ ಹಾಳೆ ಆರಿಸಿ ತಂದು ಗುಡ್ಡದ ನೆತ್ತಿಗೆ ಹೋಗುತ್ತಿದ್ದೆವು. ಹಾಳೆಯ ಬುಡದ ಕಡೆ ಕೂತು, ಸೋಗೆಯ ದಂಟನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಮೇಲೆತ್ತಿದರೆ ಮುಗಿಯಿತು. ಕರಡ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಕಿವಿಯಲ್ಲಿ ಗಾಳಿ ಸುಯ್ಯೆನ್ನುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಕೆಳಗಿನ ಮುಳ್ಳುಕಂಟಿ ಹತ್ತಿರ ಬಂದಾಗ ಎಡಕ್ಕೆ ವಾಲಬೇಕು. ವಾಲುವುದು ತಡವಾದರೆ ಮೈಯೆಲ್ಲ ಗೀರು. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ದೂರ ಹೋಗುತ್ತಿದ್ದವಳು ನಾನು. ಅಣ್ಣಂದಿರಿಗಿಂತಲೂ ದೂರ. ಹದಿಮೂರು ತುಂಬಿದ ವರ್ಷ ಒಂದು ದಿನ ಅಮ್ಮ ಗುಡ್ಡದ ಬುಡಕ್ಕೇ ಬಂದು ನಿಂತು, ಇನ್ನು ಸಾಕು ಇಳಿ ಎಂದರು. ಅಣ್ಣಂದಿರು ಆಮೇಲೂ ಎರಡು ಮೂರು ಬೇಸಿಗೆ ಜಾರಿದರು. ಅದೇ ವರ್ಷದ ಮಳೆಗಾಲದಲ್ಲಿ ಅದೇ ಗುಡ್ಡದ ಆಚೆ ಬದಿಯ ಸೊಪ್ಪಿನಬೆಟ್ಟದಿಂದ ನಾನು ಬರಿಗಾಲಲ್ಲಿ ಸೊಪ್ಪಿನ ಹೊರೆ ಹೊತ್ತು ಇಳಿಯತೊಡಗಿದೆ. ಜಾರುವ ಜೇಡಿ, ಕಾಲಿಗೆ ಉಂಬಳ, ತಲೆಯ ಮೇಲೆ ನನ್ನಷ್ಟೇ ತೂಕ. ಎರಡು ಸಲ ಬಿದ್ದೆ. ಆ ಇಳಿಜಾರು ಅಪಾಯ ಎಂದು ಯಾರಿಗೂ ಅನ್ನಿಸಲಿಲ್ಲ.

ಅಮ್ಮನನ್ನು ದೂರುವುದಿಲ್ಲ. ಅವರನ್ನೂ ಯಾರೋ ಇಳಿಸಿರುತ್ತಾರೆ. ಆದರೆ ಹೆಣ್ಣಿನ ಮೈ ಮುರಿದೀತು ಎಂಬ ಚಿಂತೆ ನಮ್ಮ ಸಮಾಜಕ್ಕೆ ಬರುವುದು ಅವಳು ತನ್ನ ಖುಷಿಗೆ, ತನ್ನ ಹೆಸರಿಗೆ ಆ ಮೈಯನ್ನು ಪಣಕ್ಕಿಟ್ಟಾಗ ಮಾತ್ರ ಎಂಬುದನ್ನು ನಾನು ಐವತ್ತು ವರ್ಷದಿಂದ ನೋಡುತ್ತಿದ್ದೇನೆ. ಕೆಲಸಕ್ಕೆ ಸವೆಸಿದರೆ ಆ ಚಿಂತೆ ಬರುವುದಿಲ್ಲ.

ನಮ್ಮ ನಾಡಿನಲ್ಲಿ ಹಿಮ ಇಲ್ಲ, ಇದು ನಮ್ಮ ಚರ್ಚೆಯಲ್ಲ ಎನ್ನುವವರಿಗೆ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರು ಗೊತ್ತಿರಲಿ. ಕಾಫಿ ತೋಟದ ನಾಡಿನಿಂದ ಹೋಗಿ, ಎನ್‌ಸಿಸಿ, ಪರ್ವತಾರೋಹಣದ ದಾರಿ ಹಿಡಿದು ಸ್ಕೀಯಿಂಗ್ ಕಲಿತ ಹೆಣ್ಣುಮಗಳು. ಅವರದು ಡೌನ್‌ಹಿಲ್ ಅಲ್ಲ, ಹಿಮದ ಏರಿಳಿತದಲ್ಲಿ ಉಸಿರು ಕಟ್ಟಿ ಓಡುವ ಕ್ರಾಸ್ ಕಂಟ್ರಿ. ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟಗಳಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. 2025ರಲ್ಲಿ ಚಿಲಿ ದೇಶದ ಕೊರಾಲ್ಕೊದಲ್ಲಿ 5 ಕಿ.ಮೀ. ಓಟದಲ್ಲಿ ಕಂಚು ಗೆದ್ದರು. ಅದಕ್ಕೂ ಮೊದಲು, 2018ರಲ್ಲಿ, ಮನಾಲಿ ಕಡೆಯ ಆಂಚಲ್ ಠಾಕೂರ್ ಟರ್ಕಿಯಲ್ಲಿ ಸ್ಲಾಲಮ್ ಕಂಚು ಗೆದ್ದಿದ್ದರು. ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಮೊದಲು ಹೋದ ಮಹಿಳೆ ಶೈಲಜಾ ಕುಮಾರ್, 1988ರಲ್ಲಿ. 2006ರಲ್ಲಿ ನೇಹಾ ಅಹುಜಾ. ಆಮೇಲೆ 2010, 2014, 2018, 2022, ನಾಲ್ಕು ಕೂಟಗಳಿಗೆ ಒಬ್ಬ ಹೆಣ್ಣುಮಗಳೂ ಹೋಗಲಿಲ್ಲ.

ಭವಾನಿ ಓಡುವ ಆಟದಲ್ಲೂ ಇದೇ ಜಗಳ ನಡೆದು ಮುಗಿದಿದೆ. ಗಂಡಸರಿಗೆ 50 ಕಿ.ಮೀ., ಹೆಂಗಸರಿಗೆ 30 ಎಂಬುದು ಬಹುಕಾಲದ ಪದ್ಧತಿಯಾಗಿತ್ತು. 50 ಓಡಿದರೆ ಹೆಂಗಸರು ಕುಸಿದುಬೀಳುತ್ತಾರೆ, ನೋಡುವವರಿಗೆ ಬೇಸರ ಬರುತ್ತದೆ ಎಂದೆಲ್ಲ ವಾದಿಸಿದವರಿದ್ದರು. 2022ರಲ್ಲಿ ಫೆಡರೇಷನ್ ದೂರ ಸಮ ಮಾಡಿತು. 2023ರ ಮಾರ್ಚಿನಲ್ಲಿ ನಾರ್ವೆಯ ಹೋಲ್ಮನ್‌ಕೊಲೆನ್‌ನಲ್ಲಿ ಹೆಂಗಸರು 50 ಕಿಲೋಮೀಟರ್ ಓಡಿದರು, ರಾಗ್ನ್‌ಹಿಲ್ಡ್ ಹಾಗಾ ಗೆದ್ದರು. ಕ್ರಾಸ್ ಕಂಟ್ರಿಯಲ್ಲಿ ಆದದ್ದು ಡೌನ್‌ಹಿಲ್‌ನಲ್ಲಿ ಯಾಕಾಗಬಾರದು? 800 ಮೀಟರಿನ ಗೆರೆ ಅಳಿಸಿ. ಯಾರು ಎಷ್ಟು ಎತ್ತರದಿಂದ ಇಳಿಯಬೇಕೆಂಬುದನ್ನು ಆ ಬೆಟ್ಟ, ಆ ದಿನದ ಹಿಮ, ಓಡುವವಳ ಅಳವು ನೋಡಿ ನಿರ್ಧರಿಸಲಿ. ಆ ನಿರ್ಧಾರ ಮಾಡುವ ಸಮಿತಿಯಲ್ಲಿ ಡೌನ್‌ಹಿಲ್ ಓಡಿದ ಹೆಂಗಸರು ಕೂರಲಿ.

ನಮ್ಮ ಆಸುಪಾಸಿನ ಒಂದೂರಿನಲ್ಲಿ ವರ್ಷವರ್ಷವೂ ಮಳೆಗಾಲದಲ್ಲಿ ಕೆಸರುಗದ್ದೆ ಆಟ ನಡೆಯುತ್ತದೆ. ಗಂಡಸರ ಓಟ ಮೇಲಿನ ಬದುವಿನಿಂದ ಕೆಳಗಿನ ಬದುವಿನವರೆಗೆ, ಇಡೀ ಗದ್ದೆ. ಹೆಂಗಸರಿಗೆ ಮಧ್ಯದಲ್ಲಿ ಹಗ್ಗ ಕಟ್ಟಿ ಅರ್ಧ ಗದ್ದೆ. ಕಳೆದ ವರ್ಷ ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, ಬಿದ್ದು ಕೈಕಾಲು ಮುರಿದುಕೊಂಡರೆ ಯಾರು ಜವಾಬ್ದಾರಿ ಅಕ್ಕ ಎಂದರು. ಅದೇ ಗದ್ದೆಯಲ್ಲಿ ಅದಕ್ಕೆ ಒಂದು ವಾರ ಮೊದಲು ಬೆಳಗಿನಿಂದ ಸಂಜೆವರೆಗೆ ಸೊಂಟ ಬಗ್ಗಿಸಿ ನಟ್ಟಿ ಅಗೆ ಕಿತ್ತವರು ನಾವೇ.

ಈ ಸಲ ಹಗ್ಗ ಬೇಡ, ನಮಗೂ ಇಡೀ ಗದ್ದೆ ಬೇಕು ಎಂದು ಬರೆದು ಕೊಟ್ಟಿದ್ದೇವೆ. ಸುಲಿತದ ಅಂಗಳದಲ್ಲಿದ್ದ ಏಳೂ ಜನರ ಸಹಿ ಅದರಲ್ಲಿದೆ. ಮೊದಲ ಸಹಿ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದವಳದು. ವಿಡಿಯೊದಲ್ಲಿ ಬಿದ್ದ ಆ ಹೆಂಗಸಿನ ಕಾಲು ಈಗ ಹೇಗಿದೆ ಎಂದು ಸಹಿ ಹಾಕುವಾಗ ಕೇಳಿದಳು.