ಅರ್ಧಕ್ಕೆ ನಿಂತ ಲೆಕ್ಕ

ಮಗನೋ ಮಗಳೋ ಅಮೆರಿಕದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ ಎಂಬುದು ಊರಿನ ಹಿರಿಯರಿಗೆ ತಿಳಿದಿರುತ್ತದೆ. ಆ ಕೆಲಸ ಎಂಥದೆಂಬುದು ಮಾತ್ರ ಮಸುಕಾಗಿಯೇ ಉಳಿದಿರುತ್ತದೆ. ವಾಲ್ನಟ್ ಕ್ರೀಕ್‌ನಿಂದ ಬೆಳಗಿನ ಬಾರ್ಟ್ ರೈಲು ಹಿಡಿಯುವ ನಮ್ಮವರಲ್ಲಿ ಎಷ್ಟೋ ಮಂದಿಯ ಅನ್ನದ ಮೂಲ ಡೇಟಾಬೇಸ್. ಅದರ ಒಂದು ಸಣ್ಣ ನಿಯಮವನ್ನು ಇಲ್ಲಿಗೆ ಬರಲು ಹಂಬಲಿಸುವ ಯುವಕ ಯುವತಿಯರು ಹೊರಡುವ ಮುನ್ನವೇ ಕಲಿಯಬೇಕೆಂಬುದು ನನ್ನ ಅಭಿಪ್ರಾಯ.

ಒಂದೇ ಬ್ಯಾಂಕಿನಲ್ಲಿ ಮಗನ ಖಾತೆಯಿಂದ ತಂದೆಯ ಖಾತೆಗೆ ಹಣ ಹೋಗಬೇಕೆನ್ನಿ. ಮೊದಲ ಆಜ್ಞೆ ಮಗನ ಖಾತೆಯಲ್ಲಿ ಕಳೆಯುತ್ತದೆ, ಎರಡನೆಯದು ತಂದೆಯ ಖಾತೆಗೆ ಕೂಡಿಸುತ್ತದೆ, ಮೂರನೆಯದು ವ್ಯವಹಾರವನ್ನು ದಾಖಲಿಸುತ್ತದೆ. ಮೂರನ್ನೂ ಒಂದೇ ಸ್ಟೋರ್ಡ್ ಪ್ರೊಸೀಜರ್‌ನೊಳಗೆ ಬರೆದರೆ ಅವು ಒಂದೇ ಕಾರ್ಯವಾದವೆಂದು ಹೊಸಬರು ನಂಬುತ್ತಾರೆ. ಎಸ್‌ಕ್ಯೂಎಲ್ ಸರ್ವರ್ ಮತ್ತು ಮೈಎಸ್‌ಕ್ಯೂಎಲ್‌ಗಳ ಸಹಜ ಸ್ಥಿತಿಯಲ್ಲಿ ಪ್ರತಿಯೊಂದು ಆಜ್ಞೆಯೂ ತಾನೇ ಕಾಯಂ ಆಗುತ್ತದೆ. ಎರಡನೆಯದು ವಿಫಲವಾದರೆ ಮಗನ ಹಣ ಹೋಗಿರುತ್ತದೆ, ತಂದೆಗೆ ಬಂದಿರುವುದಿಲ್ಲ. ಅಂಗಡಿಯ ಕಿರ್ದಿ ಬರೆದವರಿಗೆ ಈ ಸಂಕಟ ಗೊತ್ತು: ಒಂದು ಬದಿ ಬರೆದು ಇನ್ನೊಂದು ಬದಿ ಬಿಟ್ಟ ಪುಟ ಸಂಜೆ ತಾಳೆಯಾಗದು.

ಪರಿಹಾರ ಟ್ರಾನ್ಸಾಕ್ಷನ್. ಎಲ್ಲವೂ ನೆರವೇರಿದರೆ ಕಮಿಟ್, ಒಂದು ತಪ್ಪಿದರೂ ರೋಲ್‌ಬ್ಯಾಕ್. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅಷ್ಟೇ ಸಾಲದು. ಕೆಲವು ದೋಷಗಳು ಆ ಒಂದು ಆಜ್ಞೆಯನ್ನಷ್ಟೇ ಕೆಡಿಸಿ ಮುಂದಿನವುಗಳಿಗೆ ದಾರಿ ಬಿಡುತ್ತವೆ. ಆದ್ದರಿಂದ ಎಕ್ಸ್ಆ್ಯಕ್ಟ್ ಅಬಾರ್ಟ್ ಚಾಲೂ ಮಾಡಬೇಕು, 2005ರ ಆವೃತ್ತಿಯಿಂದ ದೊರೆತ ಟ್ರೈ-ಕ್ಯಾಚ್ ಬಳಸಬೇಕು.

ಈ ವಿದ್ಯೆಯ ತವರು ನಮ್ಮ ನೆರೆಯಲ್ಲೇ ಇದೆ. ಸಂಬಂಧಾತ್ಮಕ ಡೇಟಾಬೇಸ್ ಕುರಿತು ಎಡ್ಗರ್ ಕಾಡ್ 1970ರಲ್ಲಿ ಪ್ರಬಂಧ ಪ್ರಕಟಿಸಿದಾಗ ಸ್ಯಾನ್ ಹೋಸೆಯ ಐಬಿಎಂನಲ್ಲಿದ್ದರು. ಸ್ಟೋರ್ಡ್ ಪ್ರೊಸೀಜರ್ ಅನ್ನು ಜನಪ್ರಿಯಗೊಳಿಸಿದ ಸೈಬೇಸ್ 1984ರಲ್ಲಿ ಹುಟ್ಟಿದ್ದು ಗುಡ್ಡದಾಚೆಯ ಬರ್ಕ್ಲಿಯಲ್ಲಿ; ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಅದರಿಂದಲೇ ಕವಲೊಡೆಯಿತು. ಟ್ರಾನ್ಸಾಕ್ಷನ್ ಶಾಸ್ತ್ರಕ್ಕೆ ಭದ್ರ ತಳಹದಿ ಹಾಕಿ 1998ರ ಟ್ಯೂರಿಂಗ್ ಪ್ರಶಸ್ತಿ ಪಡೆದ ಜಿಮ್ ಗ್ರೇ 2007ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹಾಯಿದೋಣಿಯಲ್ಲಿ ಒಬ್ಬರೇ ಹೊರಟವರು ಮರಳಲಿಲ್ಲ.

ಟ್ರಾನ್ಸಾಕ್ಷನ್ ಬೀಗ ಹಾಕಿ ಇತರರನ್ನು ಕಾಯಿಸುತ್ತದೆ, ವೇಗ ಕುಗ್ಗಿಸುತ್ತದೆ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳೂ ಇದೆ. ಅದಕ್ಕೆ ಉತ್ತರ ಟ್ರಾನ್ಸಾಕ್ಷನ್ ಚಿಕ್ಕದಾಗಿರಬೇಕೆಂಬುದು: ಲೆಕ್ಕಾಚಾರ, ಪರಿಶೀಲನೆಗಳು ಮೊದಲೇ ಮುಗಿಯಲಿ, ಇಮೇಲ್ ಕಳುಹಿಸುವುದು ಆಮೇಲಾಗಲಿ, ನಡುವೆ ಬದಲಾವಣೆಗಳಷ್ಟೇ ಇರಲಿ. ವೇಗಕ್ಕಾಗಿ ಲೆಕ್ಕವನ್ನೇ ಬಲಿಗೊಡುವುದು ವಿವೇಕವಲ್ಲ.

ನಮ್ಮ ತರಬೇತಿ ಕೇಂದ್ರಗಳು ಆಜ್ಞೆಗಳ ವ್ಯಾಕರಣವನ್ನು ಚೆನ್ನಾಗಿಯೇ ಬಾಯಿಪಾಠ ಮಾಡಿಸುತ್ತವೆ. ಆದರೆ ನಡುವೆ ನಿಂತರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಬಾಯಿಪಾಠ ಉತ್ತರ ಕೊಡದು. ವೀಸಾ ಕನಸಿನ ಗೆಳೆಯರೇ, ಇಂದೇ ಎರಡು ಖಾತೆಗಳ ಪುಟ್ಟ ಕೋಷ್ಟಕ ಮಾಡಿ, ಎರಡನೆಯ ಆಜ್ಞೆಯನ್ನು ಬೇಕೆಂದೇ ಕೆಡಿಸಿ, ಎರಡೂ ಖಾತೆಗಳ ಮೊತ್ತ ನೋಡಿ. ಮೊತ್ತ ಹೊಂದುವವರೆಗೆ ತಿದ್ದಿ. ಆ ಒಂದು ಸಂಜೆಯ ಅಭ್ಯಾಸ ಹತ್ತು ಪ್ರಮಾಣಪತ್ರಗಳಿಗಿಂತ ಹೆಚ್ಚು ಕಲಿಸುತ್ತದೆ.